ಮಟ್ಟುಗುಳ್ಳದ ಬೀಜ ಯಾರದು? ಬಿಟಿ ಬದನೆ ವಿವಾದ ಕಲಿಸಿದ ಪಾಠ

ಜನವರಿ ತಿಂಗಳು ಬಂತೆಂದರೆ ಊರಿನಿಂದ ಮುಂಬಯಿಗೆ ಹೊರಡುವವರಿಗೆ ಇಲ್ಲಿನ ತುಳು-ಕನ್ನಡಿಗರ ಮನೆಗಳಿಂದ ಒಂದು ಬೇಡಿಕೆ ತಪ್ಪದೆ ಹೋಗುತ್ತದೆ. "ಬರುವಾಗ ನಾಲ್ಕು ಗುಳ್ಳ ಹಿಡಿದುಕೊಂಡು ಬನ್ನಿ ಮಾರಾಯ್ರೆ." ಗುಳ್ಳ ಎಂದರೆ ಯಾವ ಗುಳ್ಳ ಎಂದು ಉಡುಪಿ ಕಡೆಯವರು ಯಾರೂ ಕೇಳುವುದಿಲ್ಲ. ಅದು ಕಟಪಾಡಿ ಸಮೀಪದ ಮಟ್ಟು ಗ್ರಾಮದ ಗುಳ್ಳ. ತಿಳಿಹಸಿರು ಮೈ, ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು, ತೆಳುವಾದ ಸಿಪ್ಪೆ. ಸಾಂಬಾರಿಗೆ ಹಾಕಿದರೂ ಸೈ, ಬಜ್ಜಿ ಮಾಡಿದರೂ ಸೈ. ಸಂಘದ ವಾರ್ಷಿಕೋತ್ಸವದ ಊಟದಲ್ಲಿ ಗುಳ್ಳದ ಹುಳಿ ಇದೆ ಎಂದು ತಿಳಿದರೆ ಸಭಾ ಕಾರ್ಯಕ್ರಮ ಮುಗಿಯುವವರೆಗೂ ಸಭಿಕರು ಕದಲುವುದಿಲ್ಲ ಎಂಬುದು ಪದಾಧಿಕಾರಿಗಳಿಗೆಲ್ಲ ಗೊತ್ತಿರುವ ಗುಟ್ಟು.

ಈ ಮನೆಮಾತಿನ ತರಕಾರಿ ಒಂದು ಕಾಲದಲ್ಲಿ ದೇಶದ ಅತಿ ದೊಡ್ಡ ವಿಜ್ಞಾನ ವಿವಾದದ ನಡುವೆ ಸಿಕ್ಕಿಕೊಂಡಿತ್ತು ಎಂಬುದು ಇಂದು ಅನೇಕರಿಗೆ ಮರೆತುಹೋಗಿದೆ. 2009-10ರಲ್ಲಿ ದೇಶವಿಡೀ ಚರ್ಚೆಯಾದ ಬಿಟಿ ಬದನೆಯ ಕಥೆಯಲ್ಲಿ ನಮ್ಮ ಗುಳ್ಳಕ್ಕೂ ಒಂದು ಪಾತ್ರವಿತ್ತು. ಆ ವಿವಾದ ಎತ್ತಿದ ಪ್ರಶ್ನೆಗಳಿಗೆ ಇನ್ನೂ ಪೂರ್ಣ ಉತ್ತರ ಸಿಕ್ಕಿಲ್ಲ. ಆದ್ದರಿಂದ ಅದನ್ನು ಮತ್ತೊಮ್ಮೆ ನೆನಪಿಸಿಕೊಳ್ಳುವುದು ಸಕಾಲಿಕ.

ವಾದಿರಾಜರ ಗುಳ್ಳ

ಮಟ್ಟುಗುಳ್ಳಕ್ಕೆ ವಾದಿರಾಜ ಗುಳ್ಳ ಎಂಬ ಹೆಸರೂ ಇದೆ. ಸೋದೆ ಮಠದ ಯತಿ ಶ್ರೀ ವಾದಿರಾಜರು ಹದಿನಾರನೆಯ ಶತಮಾನದಲ್ಲಿ ಮಟ್ಟುವಿನ ಜನರಿಗೆ ಬೀಜ ಕೊಟ್ಟು ಬೆಳೆಯಿರಿ ಎಂದು ಹರಸಿದರು ಎಂಬುದು ಪ್ರತೀತಿ. ನೈವೇದ್ಯದಲ್ಲಿ ಬೆರೆಸಿದ್ದ ವಿಷ ದೇವರ ಮೈಗೇರಿದಾಗ ಈ ಗುಳ್ಳದ ನೈವೇದ್ಯದಿಂದ ಅದು ಇಳಿಯಿತು ಎಂದು ಹಿರಿಯರು ಹೇಳುತ್ತಾರೆ. ಇಂದಿಗೂ ಮೊದಲ ಬೆಳೆ ಉಡುಪಿ ಶ್ರೀಕೃಷ್ಣನಿಗೆ ಸಲ್ಲುತ್ತದೆ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ನಡೆಯುವ ಪರ್ಯಾಯದ ಊಟದಲ್ಲಿ ಗುಳ್ಳ ಇರಲೇಬೇಕು.

ನಂಬಿಕೆಯ ಮಾತು ಹಾಗಿರಲಿ, ಮಣ್ಣಿನ ಮಾತೂ ಇದೆ. ಕಡಲು ಮತ್ತು ಹೊಳೆಯ ನಡುವಿನ ಆ ಸಣ್ಣ ಪ್ರದೇಶದ ಮಣ್ಣಿನಲ್ಲಿ ಬೆಳೆದ ಗುಳ್ಳದ ರುಚಿ ಅದೇ ಬೀಜವನ್ನು ಬೇರೆಡೆ ಬಿತ್ತಿದರೆ ಬರುವುದಿಲ್ಲ ಎಂಬುದು ಬೆಳೆಗಾರರ ಅನುಭವ. ಬೇರೆ ಊರಿನ ಬದನೆ ಮಟ್ಟುಗುಳ್ಳದ ಹೆಸರಿನಲ್ಲಿ ಮಾರಾಟವಾಗತೊಡಗಿದಾಗ ಬೆಳೆಗಾರರು ಸಂಘಟಿತರಾದರು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಅಸಲಿ ಗುಳ್ಳ ಗುರುತಿಸಲು ಕಾಯಿಗೆ ಸ್ಟಿಕ್ಕರ್ ಅಂಟಿಸಿ ಮಾರುವ ಕ್ರಮವನ್ನೂ ಬೆಳೆಗಾರರು ಜಾರಿಗೆ ತಂದರು.

ಹುಳದ ಕಾಟವೇ ಮೂಲ

ಬದನೆ ಬೆಳೆದವರಿಗೆ ಅದರ ಶತ್ರು ಯಾರೆಂದು ಹೇಳಬೇಕಾಗಿಲ್ಲ. ಕುಡಿ ಮತ್ತು ಕಾಯಿ ಕೊರಕ ಹುಳು. ಪತಂಗ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿಹುಳು ಎಳೆಯ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಗೆ ಸೇರಿಕೊಳ್ಳುತ್ತದೆ. ಒಳಗೆ ಸೇರಿದ ಮೇಲೆ ಮೇಲಿನಿಂದ ಎಷ್ಟು ಔಷಧಿ ಸಿಂಪಡಿಸಿದರೂ ಅದಕ್ಕೆ ತಾಗುವುದಿಲ್ಲ. ಹೀಗಾಗಿ ರೈತ ಮತ್ತೆ ಮತ್ತೆ ಸಿಂಪಡಿಸುತ್ತಾನೆ. ಪೇಟೆಯಲ್ಲಿ ಹೊಳೆಯುವ ಬದನೆ ಕಾಣುವ ಗೃಹಿಣಿಗೆ ಅದರ ಮೈಮೇಲೆ ಎಷ್ಟು ಸಲ ವಿಷ ಬಿದ್ದಿದೆ ಎಂದು ತಿಳಿಯುವುದಿಲ್ಲ. ತೂತಿಲ್ಲದ ಬದನೆಯೇ ಬೇಕೆಂದು ಆರಿಸುವ ಗ್ರಾಹಕರೂ ಇದಕ್ಕೆ ಪರೋಕ್ಷವಾಗಿ ಕಾರಣರು ಎಂದರೆ ತಪ್ಪಾಗಲಾರದು.

ಇದಕ್ಕೆ ಪರಿಹಾರವಾಗಿ ಬಂದದ್ದೇ ಕುಲಾಂತರಿ ಬದನೆ. ಬಿಟಿ ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ವಿಜ್ಞಾನಿ ಇಶಿವಾತಾ ರೇಷ್ಮೆಹುಳುಗಳ ಸಾವಿಗೆ ಕಾರಣ ಹುಡುಕುವಾಗ ಇದನ್ನು ಕಂಡರು. 1911ರಲ್ಲಿ ಜರ್ಮನಿಯ ಬರ್ಲಿನರ್ ತುರಿಂಜಿಯಾ ಪ್ರಾಂತದಲ್ಲಿ ಹಿಟ್ಟಿನ ಹುಳುವಿನಲ್ಲಿ ಇದನ್ನೇ ಕಂಡು ಈ ಹೆಸರು ಬರಲು ಕಾರಣರಾದರು. ಈ ಬ್ಯಾಕ್ಟೀರಿಯಾ ತಯಾರಿಸುವ ಒಂದು ಬಗೆಯ ಪ್ರೋಟೀನ್ ಮರಿಹುಳುವಿನ ಹೊಟ್ಟೆ ಸೇರಿದರೆ ಅಲ್ಲಿನ ಕ್ಷಾರೀಯ ರಸದಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿ ರಂಧ್ರ ಮಾಡುತ್ತದೆ. ಹುಳು ತಿನ್ನುವುದನ್ನು ಬಿಟ್ಟು ಸಾಯುತ್ತದೆ. ಮನುಷ್ಯನ ಜಠರದ ರಸ ಆಮ್ಲೀಯವಾದುದು. ಆ ಪ್ರೋಟೀನ್ ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಹೀಗಾಗಿ ಅಪಾಯವಿಲ್ಲ ಎಂಬುದು ಇದನ್ನು ರೂಪಿಸಿದವರ ವಾದ. ಸಾವಯವ ಕೃಷಿಕರೂ ಬಿಟಿ ಪುಡಿಯನ್ನು ನೀರಿಗೆ ಬೆರೆಸಿ ಸಿಂಪಡಿಸುವುದುಂಟು.

ವ್ಯತ್ಯಾಸ ಇಷ್ಟೇ. ಸಿಂಪಡಿಸಿದ ಪುಡಿ ಬಿಸಿಲು ಮಳೆಗೆ ಹೋಗುತ್ತದೆ. ಕುಲಾಂತರಿ ಗಿಡದಲ್ಲಾದರೆ ಆ ಪ್ರೋಟೀನನ್ನು ತಯಾರಿಸುವ ವಂಶವಾಹಿಯನ್ನೇ ಗಿಡದ ಜೀವಕೋಶಕ್ಕೆ ಸೇರಿಸಿರುತ್ತಾರೆ. ಅಗ್ರೋಬ್ಯಾಕ್ಟೀರಿಯಂ ಎಂಬ ಮತ್ತೊಂದು ಮಣ್ಣಿನ ಬ್ಯಾಕ್ಟೀರಿಯಾ ಈ ಸಾಗಾಟದ ಕೆಲಸ ಮಾಡುತ್ತದೆ. ಆಮೇಲೆ ಬೇರು, ಎಲೆ, ಕಾಯಿ ಎಲ್ಲದರಲ್ಲೂ ಆ ಪ್ರೋಟೀನ್ ಇರುತ್ತದೆ. ಬೀಜದ ಮೂಲಕ ಮುಂದಿನ ತಲೆಮಾರಿಗೂ ಹೋಗುತ್ತದೆ. ತೊಳೆದು ತೆಗೆಯುವ ಮಾತಿಲ್ಲ.

ಗುಳ್ಳ ಬಂದದ್ದು ಹೇಗೆ?

ಈ ವಂಶವಾಹಿಯನ್ನು ಬದನೆಗೆ ಸೇರಿಸಿದ್ದು ಮಹಾರಾಷ್ಟ್ರದ ಬೀಜ ಕಂಪನಿ ಮಹಿಕೊ. ಕಂಪನಿಯ ಹೈಬ್ರಿಡ್ ತಳಿಗಳ ಜೊತೆಗೆ, ರೈತರು ತಾವೇ ಬೀಜ ಉಳಿಸಿಕೊಳ್ಳಬಹುದಾದ ಸ್ಥಳೀಯ ತಳಿಗಳಿಗೂ ಇದನ್ನು ಸೇರಿಸುವ ಯೋಜನೆಯನ್ನು ಅಮೆರಿಕದ ನೆರವಿನೊಂದಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ತಮಿಳುನಾಡಿನ ಕೃಷಿ ವಿಶ್ವವಿದ್ಯಾಲಯ ಕೈಗೆತ್ತಿಕೊಂಡವು. ಧಾರವಾಡದಲ್ಲಿ ಆರಿಸಿದ ತಳಿಗಳಲ್ಲಿ ಮಂಜರಿ ಗೋಟಾ, ಕುಡಚಿ ಮುಂತಾದವುಗಳೊಡನೆ ಉಡುಪಿಯ ಗುಳ್ಳವೂ ಇತ್ತು.

ಸುದ್ದಿ ಹೊರಬಿದ್ದಾಗ ಕರಾವಳಿಯಲ್ಲಿ ಆಕ್ಷೇಪ ಎದ್ದಿತು. ದೇವರಿಗೆ ಅರ್ಪಿಸುವ ಗುಳ್ಳಕ್ಕೆ ಬ್ಯಾಕ್ಟೀರಿಯಾದ ಅಂಶ ಸೇರಿಸುವುದೇ ಎಂಬ ಧಾರ್ಮಿಕ ಪ್ರಶ್ನೆ ಒಂದೆಡೆ. ಜೇನ್ನೊಣಗಳು ಹೂವಿನಿಂದ ಹೂವಿಗೆ ಪರಾಗ ಒಯ್ಯುವಾಗ ಪಕ್ಕದ ಹೊಲದ ಕುಲಾಂತರಿ ಬದನೆಯ ಗುಣ ನಮ್ಮ ಬೀಜಕ್ಕೂ ಬಂದರೆ ಏನು ಗತಿ ಎಂಬ ರೈತನ ಪ್ರಶ್ನೆ ಇನ್ನೊಂದೆಡೆ. ಬದನೆಯ ತವರುಗಳಲ್ಲಿ ಭಾರತವೂ ಒಂದು. ಇಲ್ಲಿ ಎರಡು ಸಾವಿರಕ್ಕೂ ಹೆಚ್ಚು ತಳಿಗಳಿವೆ ಎಂಬ ಎಣಿಕೆ ಇದೆ. ತವರಿನಲ್ಲೇ ಬೀಜ ಕಲಬೆರಕೆಯಾದರೆ ಮತ್ತೆ ಶುದ್ಧ ಬೀಜ ತರುವುದು ಎಲ್ಲಿಂದ ಎಂಬ ಆತಂಕ ಅರ್ಥವಾಗುವಂಥದ್ದೇ.

ಚಿಕ್ಕಮಗಳೂರಿನಲ್ಲಿ ಹುಟ್ಟಿದ ಸಚಿವರ ತೀರ್ಮಾನ

2009ರ ಅಕ್ಟೋಬರ್ 14ರಂದು ಕೇಂದ್ರದ ಪರಿಶೀಲನಾ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ನೀಡಿತು. ಅದು ಜಾರಿಯಾಗಿದ್ದರೆ ಬಿಟಿ ಬದನೆ ಭಾರತದ ಮೊದಲ ಕುಲಾಂತರಿ ಆಹಾರ ಬೆಳೆಯಾಗುತ್ತಿತ್ತು. ಆಗ ಪರಿಸರ ಸಚಿವರಾಗಿದ್ದವರು ಜೈರಾಮ್ ರಮೇಶ್. ಅವರು ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ, ಇಂಜಿನಿಯರಿಂಗ್ ಓದಿದ್ದು ನಮ್ಮ ಪೊವಾಯಿಯ ಐಐಟಿಯಲ್ಲಿ. ಸಮಿತಿಯ ಒಪ್ಪಿಗೆಗೆ ಕೂಡಲೇ ಮುದ್ರೆ ಒತ್ತದೆ, ಜನಾಭಿಪ್ರಾಯ ಕೇಳಲು ಅವರು ಹೊರಟರು. 2010ರ ಜನವರಿ, ಫೆಬ್ರವರಿಯಲ್ಲಿ ಕೋಲ್ಕತಾ, ಭುವನೇಶ್ವರ, ಅಹ್ಮದಾಬಾದ್, ನಾಗಪುರ, ಚಂಡೀಗಢ, ಹೈದರಾಬಾದ್ ಮತ್ತು ಬೆಂಗಳೂರು ಹೀಗೆ ಏಳು ನಗರಗಳಲ್ಲಿ ಸಭೆ ನಡೆಯಿತು. ಫೆಬ್ರವರಿ 6ರಂದು ನಡೆದ ಬೆಂಗಳೂರಿನ ಸಭೆಯೇ ಕೊನೆಯದು.

ವಿಜ್ಞಾನಿಗಳಲ್ಲೂ ಒಮ್ಮತವಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಜಿ ನಿರ್ದೇಶಕ ಜಿ. ಪದ್ಮನಾಭನ್ ಅವರಂಥವರು ಕುಲಾಂತರಿ ತಂತ್ರಜ್ಞಾನದ ಪರವಾಗಿದ್ದರು. ಹೈದರಾಬಾದಿನ ಕೋಶ ಮತ್ತು ಅಣುಜೀವ ವಿಜ್ಞಾನ ಕೇಂದ್ರವನ್ನು ಕಟ್ಟಿದ ಪುಷ್ಪ ಭಾರ್ಗವ ಅವರು ಸುಪ್ರೀಂ ಕೋರ್ಟಿನ ಪರವಾಗಿ ಪರಿಶೀಲನಾ ಸಮಿತಿಯಲ್ಲಿ ವೀಕ್ಷಕರಾಗಿದ್ದು, ನಡೆದ ಪರೀಕ್ಷೆಗಳು ಸಾಲವು ಎಂದು ಗಟ್ಟಿಯಾಗಿ ಹೇಳಿದರು. ಹಸಿರು ಕ್ರಾಂತಿಯ ಎಂ.ಎಸ್. ಸ್ವಾಮಿನಾಥನ್ ಎಚ್ಚರಿಕೆಯ ಹೆಜ್ಜೆಯನ್ನು ಸೂಚಿಸಿದರು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಬೇಡ ಎಂದವು.

2010ರ ಫೆಬ್ರವರಿ 9ರಂದು ಸಚಿವರು ಬಿಟಿ ಬದನೆಗೆ ತಾತ್ಕಾಲಿಕ ತಡೆ ಘೋಷಿಸಿದರು. ಸಾರ್ವಜನಿಕರ ವಿಶ್ವಾಸ ಗಳಿಸುವ ಸ್ವತಂತ್ರ ಅಧ್ಯಯನಗಳು ಆಗುವವರೆಗೆ ಬಿಡುಗಡೆ ಇಲ್ಲ ಎಂದರು. ಅನುಮೋದನಾ ಸಮಿತಿ ಎಂದಿದ್ದ ಸಮಿತಿಯ ಹೆಸರೂ ಅದೇ ವರ್ಷ ಮೌಲ್ಯಮಾಪನ ಸಮಿತಿ ಎಂದು ಬದಲಾಯಿತು. ತಾತ್ಕಾಲಿಕ ಎಂದು ಹಾಕಿದ ತಡೆ ಹತ್ತಾರು ವರ್ಷ ದಾಟಿತು.

ಬೀಜದ ಒಡೆತನದ ಪ್ರಶ್ನೆ

ವಿವಾದ ಅಲ್ಲಿಗೆ ಮುಗಿಯಲಿಲ್ಲ. ಸ್ಥಳೀಯ ತಳಿಗಳನ್ನು ಬಳಸುವ ಮೊದಲು 2002ರ ಜೀವವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆದಿರಲಿಲ್ಲ ಎಂಬ ದೂರು 2010ರಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಹೋಯಿತು. ಕ್ರಮ ಕೈಗೊಳ್ಳಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ 2011ರಲ್ಲಿ ತೀರ್ಮಾನಿಸಿತು. 2012ರಲ್ಲಿ ಪ್ರಕರಣ ಧಾರವಾಡದ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಆರೋಪಕ್ಕೆ ಒಳಗಾದವರು ಅದನ್ನು ಅಲ್ಲಗಳೆದರು. ಕೋರ್ಟಿನ ಮಾತು ಕೋರ್ಟಿಗೆ. ಆದರೆ ಒಂದು ಸಂಗತಿ ಜನರ ಗಮನಕ್ಕೆ ಬಂತು. ನಾಲ್ಕು ನೂರು ವರ್ಷ ಒಂದು ಊರಿನ ಜನ ಕಾಯಿ ಆರಿಸಿ, ಬೀಜ ಒಣಗಿಸಿ, ಬೂದಿ ಬೆರೆಸಿ ಕಾಪಾಡಿಕೊಂಡು ಬಂದ ತಳಿಗೆ ಒಂದು ಹೊಸ ವಂಶವಾಹಿ ಸೇರಿದರೆ ಆ ಹೊಸ ಬೀಜ ಯಾರದು? ಸೇರಿಸಿದವರದೋ, ಕಾಪಾಡಿದವರದೋ?

ಇಲ್ಲಿ ನಮ್ಮವರಲ್ಲಿ ಅನೇಕರಿಗೆ ಇರುವ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಜಿಐ ಮಾನ್ಯತೆ ಇದ್ದರೆ ಬೀಜಕ್ಕೂ ರಕ್ಷಣೆ ಸಿಕ್ಕಂತೆ ಎಂದು ಭಾವಿಸುವವರಿದ್ದಾರೆ. ಜಿಐ ಕಾಪಾಡುವುದು ಹೆಸರನ್ನು. ಬೇರೆ ಊರಿನ ಬದನೆಯನ್ನು ಮಟ್ಟುಗುಳ್ಳ ಎಂದು ಮಾರುವಂತಿಲ್ಲ, ಅಷ್ಟೇ. ಬೀಜದ ಮೇಲಿನ ಹಕ್ಕಿಗೆ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಬೇರೆಯೇ ಇದೆ. ಅದರಡಿ ರೈತರು ತಾವು ಕಾಪಾಡಿದ ತಳಿಯನ್ನು ನೋಂದಾಯಿಸಬಹುದು. ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನೂ ಅದು ಮಾನ್ಯ ಮಾಡಿದೆ. ಜೀವವೈವಿಧ್ಯ ಕಾಯ್ದೆ ಮೂರನೆಯದು. ಬ್ಯಾಂಕಿನಲ್ಲಿ ಖಾತೆಗೆ ಹೆಸರು, ಸಹಿ, ನಾಮಿನಿ ಮೂರೂ ಬೇರೆ ಬೇರೆ ಇದ್ದಂತೆ, ಬೀಜಕ್ಕೂ ಮೂರು ಕಾಗದ ಬೇರೆ ಬೇರೆ. ಒಂದಿದ್ದರೆ ಸಾಕೆಂದು ಸುಮ್ಮನಿರುವಂತಿಲ್ಲ.

ಹತ್ತಿಯ ಅನುಭವ

ಕುಲಾಂತರಿ ಎಂದರೆ ಎಲ್ಲವೂ ಕೆಟ್ಟದ್ದು ಎನ್ನುವಂತಿಲ್ಲ, ಎಲ್ಲವೂ ಒಳ್ಳೆಯದು ಎನ್ನುವಂತೆಯೂ ಇಲ್ಲ. ಇದಕ್ಕೆ ಹತ್ತಿಯೇ ಸಾಕ್ಷಿ. 1998ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗಕ್ಕೆ ಬೆಳೆದಿದ್ದ ಬಿಟಿ ಹತ್ತಿಯನ್ನು ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ಕಿತ್ತು ಸುಟ್ಟಿತು. ಆದರೂ 2002ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು. ರೈತರು ಮುಗಿಬಿದ್ದು ಬೆಳೆದರು. 2002-03ರಲ್ಲಿ 136 ಲಕ್ಷ ಬೇಲ್ ಇದ್ದ ದೇಶದ ಹತ್ತಿ ಉತ್ಪಾದನೆ 2013-14ರಲ್ಲಿ 398 ಲಕ್ಷ ಬೇಲ್‌ಗೆ ಏರಿತು. ನೀರಾವರಿ, ಗೊಬ್ಬರ, ಹೊಸ ಹೈಬ್ರಿಡ್‌ಗಳ ಪಾಲೂ ಇದರಲ್ಲಿದೆ. ಆದರೂ ಹಸಿರು ಕಾಯಿಕೊರಕದ ಕಾಟ ತಗ್ಗಿದ್ದು ನಿಜ.

ಖರ್ಚಿನ ಕಡೆಯನ್ನೂ ನೋಡಬೇಕು. ಹೈಬ್ರಿಡ್ ಬೀಜವಾದ್ದರಿಂದ ರೈತ ಪ್ರತಿ ವರ್ಷ ಅಂಗಡಿಗೆ ಹೋಗಲೇಬೇಕು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಹುಳು ಮೊದಲ ಬಿಟಿ ಹತ್ತಿಯನ್ನು ತಿಂದು ಅರಗಿಸಿಕೊಳ್ಳುವುದನ್ನು ಕಲಿತಿತ್ತು. ಕೆಲವೇ ವರ್ಷಗಳಲ್ಲಿ ಎರಡು ವಂಶವಾಹಿ ಸೇರಿಸಿದ ಹತ್ತಿಗೂ ಅದು ಜಗ್ಗಲಿಲ್ಲ. ಮಹಾರಾಷ್ಟ್ರ, ತೆಲಂಗಾಣ, ಕರ್ನಾಟಕದ ರೈತರು ಮತ್ತೆ ಸಿಂಪಡಣೆಗೆ ಮರಳಿದರು. ಹುಳುವೂ ಕಲಿಯುತ್ತದೆ ಎಂಬುದು ಹತ್ತಿ ಕಲಿಸಿದ ಪಾಠ.

ಮತ್ತೊಂದು ಮಾತು. ನಾವು ಕುಲಾಂತರಿ ತಿನ್ನುವುದೇ ಇಲ್ಲ ಎಂದುಕೊಂಡವರು ಮುಂಬಯಿಯ ಫರ್ಸಾಣ್ ಅಂಗಡಿಯ ಎಣ್ಣೆ ಡಬ್ಬಿಯನ್ನು ಒಮ್ಮೆ ನೋಡಬೇಕು. ಕಪಾಸಿಯಾ ತೇಲ್ ಎಂದರೆ ಹತ್ತಿಬೀಜದ ಎಣ್ಣೆ. ದೇಶದ ಹತ್ತಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬಿಟಿಯೇ. ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ ಎಂಬುದು ನಿಜ. ಆದರೆ ಕುಲಾಂತರಿ ಅಡುಗೆಮನೆಯ ಹೊಸ್ತಿಲು ದಾಟಿ ಬಹಳ ದಿನವಾಯಿತು.

ಇನ್ಸುಲಿನ್‌ಗೆ ಯಾರೂ ಬೇಡವೆನ್ನಲಿಲ್ಲ

ಇದೇ ತಂತ್ರಜ್ಞಾನವನ್ನು ಜನ ತಕರಾರಿಲ್ಲದೆ ಒಪ್ಪಿಕೊಂಡ ಜಾಗವೊಂದಿದೆ. ಅದು ಔಷಧದ ಅಂಗಡಿ. ಹಿಂದೆ ಮಧುಮೇಹಿಗಳಿಗೆ ಕೊಡುತ್ತಿದ್ದ ಇನ್ಸುಲಿನ್ ಬರುತ್ತಿದ್ದುದು ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ ತಯಾರಿಸುವ ವಂಶವಾಹಿಯನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಅದರಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದು ಮಾರುಕಟ್ಟೆಗೆ ಬಂತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇದೇ ಬಗೆಯ ವಿಧಾನದಿಂದ ಹೆಪಟೈಟಿಸ್-ಬಿ ಲಸಿಕೆ ತಯಾರಿಸಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ ಹೊರತಂದಿತು. ಗುಳ್ಳಕ್ಕೆ ಬ್ಯಾಕ್ಟೀರಿಯಾದ ಅಂಶ ಬೇಡ ಎನ್ನುವ ಅದೇ ಮಡಿವಂತ ಹಿರಿಯರು ದಿನಾ ಬೆಳಿಗ್ಗೆ ಕುಲಾಂತರಿ ಸೂಕ್ಷ್ಮಜೀವಿಯಿಂದ ಬಂದ ಇನ್ಸುಲಿನ್ ಚುಚ್ಚಿಕೊಂಡೇ ತಿಂಡಿಗೆ ಕೂರುತ್ತಾರೆ. ಹಂದಿಯದ್ದಲ್ಲವಲ್ಲ ಎಂಬ ಸಮಾಧಾನವೂ ಅವರಿಗಿದೆ.

ಇದನ್ನು ದ್ವಂದ್ವ ಎಂದು ಹಾಸ್ಯ ಮಾಡುವುದು ಸುಲಭ. ಆದರೆ ಇದರಲ್ಲಿ ಒಂದು ವಿವೇಕವೂ ಇದೆ. ಇನ್ಸುಲಿನ್ ತಯಾರಿಸುವ ಸೂಕ್ಷ್ಮಜೀವಿ ಕಾರ್ಖಾನೆಯ ಮುಚ್ಚಿದ ಉಕ್ಕಿನ ತೊಟ್ಟಿಯಲ್ಲಿರುತ್ತದೆ. ಬೇಡವೆನಿಸಿದ ದಿನ ತೊಟ್ಟಿ ಖಾಲಿ ಮಾಡಬಹುದು. ಬಯಲಿನಲ್ಲಿ ಬಿತ್ತಿದ ಬೀಜವನ್ನು ಹಾಗೆ ಹಿಂದಕ್ಕೆ ಕರೆಯಲಾಗದು. 2019ರಲ್ಲಿ ಹರಿಯಾಣದ ಫತೇಹಾಬಾದ್ ಜಿಲ್ಲೆಯ ಹೊಲದಲ್ಲಿ ಅನುಮತಿಯಿಲ್ಲದ ಬಿಟಿ ಬದನೆ ಪತ್ತೆಯಾದದ್ದು ಇದಕ್ಕೆ ಉದಾಹರಣೆ.

ನೆರೆಯಲ್ಲಿ ಬೆಳೆಯಿತು

ಭಾರತ ತಡೆದ ಬಿಟಿ ಬದನೆಯನ್ನು ನೆರೆಯ ಬಾಂಗ್ಲಾದೇಶ ಒಪ್ಪಿಕೊಂಡಿತು. 2013ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರಕಾರ ನಾಲ್ಕು ತಳಿಗಳಿಗೆ ಅನುಮತಿ ನೀಡಿ, 2014ರ ಜನವರಿಯಲ್ಲಿ 20 ಮಂದಿ ರೈತರಿಗೆ ಸಸಿ ಹಂಚಿತು. ಮೊದಲ ವರ್ಷ ಕೆಲವರ ಹೊಲದಲ್ಲಿ ಗಿಡಗಳು ಬಾಡುರೋಗಕ್ಕೆ ತುತ್ತಾದವು. ನಂತರದ ವರ್ಷಗಳಲ್ಲಿ ಸಾವಿರಾರು ರೈತರು ಬೆಳೆದರು. ಕೀಟನಾಶಕದ ಖರ್ಚು ಇಳಿದು ಆದಾಯ ಏರಿದೆ ಎಂದು ಅಲ್ಲಿ ನಡೆದ ಅಧ್ಯಯನಗಳು ಹೇಳಿದವು. ಬೀಜ ಸರಕಾರಿ ಸಂಸ್ಥೆಯ ಕೈಯಲ್ಲಿದ್ದು, ರೈತರು ಅದನ್ನು ಉಳಿಸಿಕೊಳ್ಳಬಹುದು ಎಂಬುದು ಗಮನಾರ್ಹ. ಫಿಲಿಪೈನ್ಸ್‌ನಲ್ಲಿ ಇದರ ತದ್ವಿರುದ್ಧ ನಡೆಯಿತು. 2022ರಲ್ಲಿ ಕೊಟ್ಟ ಅನುಮತಿಯನ್ನು 2024ರಲ್ಲಿ ಅಲ್ಲಿನ ನ್ಯಾಯಾಲಯ ತಡೆಹಿಡಿಯಿತು.

ನಮ್ಮಲ್ಲಿ 2022ರಲ್ಲಿ ಕುಲಾಂತರಿ ಸಾಸಿವೆಗೆ ಕೇಂದ್ರ ಸಮ್ಮತಿಸಿದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜುಲೈ 23ರಂದು ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸಂಜಯ್ ಕರೋಲ್ ಭಿನ್ನ ತೀರ್ಪು ಕೊಟ್ಟರು. ಆದರೆ ಕುಲಾಂತರಿ ಬೆಳೆಗಳಿಗೆ ಒಂದು ರಾಷ್ಟ್ರೀಯ ನೀತಿ ಬೇಕು ಎಂಬುದರಲ್ಲಿ ಇಬ್ಬರೂ ಒಂದಾಗಿದ್ದರು. 2025ರ ಮೇ ತಿಂಗಳಲ್ಲಿ ಹೊರಗಿನ ವಂಶವಾಹಿ ಸೇರಿಸದೆ, ಗಿಡದ ಸ್ವಂತ ವಂಶವಾಹಿಯನ್ನೇ ತಿದ್ದಿ ರೂಪಿಸಿದ ಎರಡು ಭತ್ತದ ತಳಿಗಳನ್ನು ಕೇಂದ್ರ ಕೃಷಿ ಸಚಿವರು ಪ್ರಕಟಿಸಿದರು. ಅಂದರೆ ಪ್ರಶ್ನೆ ಮತ್ತೆ ನಮ್ಮ ಅನ್ನದ ತಟ್ಟೆಗೇ ಬಂದಿದೆ.

ಸಂಘಗಳು ಮಾಡಬಹುದಾದದ್ದು

ದೂರದ ಮುಂಬಯಿಯಲ್ಲಿ ಕುಳಿತು ನಾವೇನು ಮಾಡಬಹುದು ಎಂದು ಕೇಳುವವರಿದ್ದಾರೆ. ಮಾಡಬಹುದಾದದ್ದು ಕಡಿಮೆಯೇನಿಲ್ಲ. ಮಟ್ಟುವಿನ ಬೆಳೆಗಾರ ಗುಳ್ಳ ಬೆಳೆಯುವುದು ಅದಕ್ಕೆ ಬೆಲೆ ಸಿಕ್ಕರೆ ಮಾತ್ರ. ಬೆಲೆ ಸಿಗದಿದ್ದರೆ ಯಾವ ಕುಲಾಂತರಿಯೂ ಬೇಡ, ಗದ್ದೆ ಹಡಿಲು ಬಿದ್ದು ಬೀಜ ತಾನಾಗಿಯೇ ಅಳಿಯುತ್ತದೆ. ಸಮಾರಂಭಗಳಿಗೆ ಗುಳ್ಳ ತರಿಸುವ ಸಂಘಗಳು ಬೆಳೆಗಾರರ ಸಂಘದಿಂದಲೇ ನೇರ ತರಿಸಿದರೆ, ಸ್ಟಿಕ್ಕರ್ ನೋಡಿ ಕೊಂಡರೆ ಅದೇ ದೊಡ್ಡ ಉಪಕಾರ. ಒಂದೆರಡು ಸಣ್ಣ ತೂತಿದ್ದರೆ ಆ ಭಾಗ ಕೊಯ್ದು ತೆಗೆದು ಬಳಸುವ ಅಜ್ಜಿಯರ ಕ್ರಮವನ್ನು ಮರಳಿ ತಂದರೆ ವಿಷದ ಸಿಂಪಡಣೆಯೂ ತಗ್ಗೀತು.

ಎರಡನೆಯದು ತಿಳಿವಳಿಕೆ. ನಮ್ಮವರ ಮಕ್ಕಳು ಅನೇಕರು ಜೈವಿಕ ತಂತ್ರಜ್ಞಾನ ಓದಿ ಪುಣೆ, ಹೈದರಾಬಾದ್, ಬೆಂಗಳೂರಿನ ಪ್ರಯೋಗಾಲಯಗಳಲ್ಲಿದ್ದಾರೆ. ಯಕ್ಷಗಾನ, ಸನ್ಮಾನಗಳ ನಡುವೆ ವರ್ಷಕ್ಕೊಮ್ಮೆ ಅವರನ್ನು ವೇದಿಕೆಗೆ ಕರೆದು, ಊರಿನ ಒಬ್ಬ ಕೃಷಿಕರನ್ನೂ ಪಕ್ಕದಲ್ಲಿ ಕೂರಿಸಿ, ಕನ್ನಡದಲ್ಲೇ ಪ್ರಶ್ನೆ ಕೇಳುವ ಅವಕಾಶ ಮಾಡಿಕೊಡಬಹುದು. ಭಯದಿಂದ ಬೇಡ ಎನ್ನುವುದೂ ಬೆರಗಿನಿಂದ ಬೇಕು ಎನ್ನುವುದೂ ಒಂದೇ. ಎರಡರಲ್ಲೂ ತಿಳಿದು ಹೇಳಿದ್ದು ಇರುವುದಿಲ್ಲ.

2010ರಲ್ಲಿ ಏಳು ನಗರಗಳ ಸಭೆಗಳಲ್ಲಿ ರೈತರು, ವಿಜ್ಞಾನಿಗಳು, ಗೃಹಿಣಿಯರು ಎದ್ದು ನಿಂತು ಮಾತಾಡಿದ್ದರಿಂದಲೇ ಒಂದು ಬದನೆಕಾಯಿಯ ವಿಷಯ ದೇಶದ ವಿಷಯವಾಯಿತು. ಆ ಪಟ್ಟಿಯಲ್ಲಿ ಮುಂಬಯಿ ಇರಲಿಲ್ಲ. ಮುಂದಿನ ಸಲ ಭತ್ತದ್ದೋ ಸಾಸಿವೆಯದ್ದೋ ಗುಳ್ಳದ್ದೋ ಸರದಿ ಬಂದಾಗ ಮುಂಬಯಿ ಕನ್ನಡಿಗರ ಮಾತೂ ಅಲ್ಲಿ ಕೇಳಿಬರುವಂತಾಗಲಿ.